ನಿದ್ದೆ ಕೆಡಿಸುವ ಪುಸ್ತಕ ಎಲ್ಲಿ ಸಿಗುತ್ತದೆ?

ಬಸವಕಲ್ಯಾಣದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ, ಮನೆ ಹುಮನಾಬಾದಿನಲ್ಲಿ. ನನ್ನ ಓದಿನ ಬಹುಪಾಲು ನಡೆಯುವುದು ದಿನಾ ಹೋಗಿಬರುವ ಬಸ್ಸಿನಲ್ಲೇ. ಪುಸ್ತಕ ಕೇಳಿಕೊಂಡು ಬರುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಮನಸ್ಸಿಗೆ ಸಮಾಧಾನ ಕೊಡುವಂಥದ್ದು ಬೇಕು. ಅಪರೂಪಕ್ಕೆ ಒಬ್ಬಿಬ್ಬರು ಮಾತ್ರ, ಸ್ವಲ್ಪ ಸಂಕೋಚದಿಂದಲೇ, "ತಲಿ ಕೆಡಿಸೋ ಅಂಥದ್ದು ಏನರ ಇದ್ರ ಕೊಡ್ರಿ ಮೇಡಂ" ಅನ್ನುತ್ತಾರೆ. ಈ ಬರಹ ಆ ಒಬ್ಬಿಬ್ಬರಿಗಾಗಿ.

ಅಂಥ ಕಾದಂಬರಿಯನ್ನು ಹುಡುಕುವುದು ಹೇಗೆ? ನಮ್ಮ ಎರಡೂ ಊರುಗಳ ಅಂಗಡಿಗಳಲ್ಲಿ ಗೈಡು, ನೋಟ್‌ಬುಕ್ಕುಗಳೇ ಹೆಚ್ಚು. ಕಾದಂಬರಿ ಬೇಕೆಂದರೆ ಕಲಬುರಗಿಗೆ ಹೋಗಬೇಕು, ಇಲ್ಲವೇ ಅಂಚೆಯಲ್ಲಿ ತರಿಸಬೇಕು. ಹಾಗಾಗಿ ಏನು ಬೇಕೆಂದು ಮೊದಲೇ ಗೊತ್ತಿರಬೇಕಾಗುತ್ತದೆ. ಪ್ರಶಸ್ತಿಗಳ ಪಟ್ಟಿ ಹಿಡಿದು ಹೊರಡಬಹುದು, ತಪ್ಪೇನಿಲ್ಲ. ನಾನು ಹಿಡಿದಿರುವ ದಾರಿ ಬೇರೆ. ನಮ್ಮ ಮನೆ, ನಮ್ಮ ಓಣಿ ಯಾವ ಮಾತನ್ನು ಎತ್ತಲು ಹಿಂಜರಿಯುತ್ತದೆ ಎಂದು ಮೊದಲು ನೋಡಿಕೊಳ್ಳುತ್ತೇನೆ. ಆ ಮಾತನ್ನೇ ಎತ್ತಿದ ಕಾದಂಬರಿ ಯಾವುದೆಂದು ಆಮೇಲೆ ಹುಡುಕುತ್ತೇನೆ.

ಕಲ್ಯಾಣದಲ್ಲಿ ಇದು ಕಷ್ಟದ ಕೆಲಸವಲ್ಲ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಬಿಜ್ಜಳನ ಆಳ್ವಿಕೆಯಲ್ಲಿ ಇಬ್ಬರ ತಂದೆಯರಿಗೂ ಎಳೆಹೂಟೆಯ ಶಿಕ್ಷೆಯಾಯಿತು ಎಂಬ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಊರಿನಲ್ಲಿ ಹರಳಯ್ಯನ ಗವಿ ಇದೆ. 108 ಅಡಿಯ ಬಸವಣ್ಣನ ಪ್ರತಿಮೆ ದೂರದಿಂದಲೇ ಕಾಣುತ್ತದೆ. ಈ ಕಥೆಯನ್ನು ಹಿಗ್ಗಿನಿಂದ ಹೇಳಿಕೊಳ್ಳುತ್ತೇವೆ, ಅದೇ ಕಥೆ ನಮ್ಮ ಮನೆಯ ಹೊಸ್ತಿಲು ತುಳಿದರೆ ಬಾಗಿಲು ಹಾಕಿಕೊಳ್ಳುತ್ತೇವೆ.

ಕಲ್ಯಾಣದ ಕ್ರಾಂತಿಯ ಮೇಲೆಯೇ ಕಾದಂಬರಿಗಳಿವೆ. ಬಿ. ಪುಟ್ಟಸ್ವಾಮಯ್ಯನವರ 'ಕ್ರಾಂತಿ ಕಲ್ಯಾಣ'ಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿದ್ಯಾರ್ಥಿಗಳಿಗೆ ಅದನ್ನು ಖುಷಿಯಿಂದ ಕೊಡುತ್ತೇನೆ. ಆದರೆ ತಲೆ ಕೆಡಿಸುವಂಥದ್ದು ಕೇಳಿದವರಿಗೆ ಕೊಡುವುದು ನಂಜನಗೂಡು ಸೀಮೆಯ ಪುಸ್ತಕ, ದೇವನೂರ ಮಹಾದೇವರ 'ಕುಸುಮಬಾಲೆ' (1984). ಮೇಲುಜಾತಿಯ ಕುಸುಮಳಿಗೂ ದಲಿತ ಹುಡುಗ ಚೆನ್ನನಿಗೂ ಪ್ರೀತಿ, ಚೆನ್ನ ಕೊಲೆಯಾಗುತ್ತಾನೆ. ನಮ್ಮ ಊರಿನ ಹಳೆಯ ಕಥೆ ಎಂಟು ನೂರು ವರ್ಷ ಈಚೆಗೆ ಬಂದು, ಕಿರೀಟ ಕತ್ತಿಗಳನ್ನು ಕಳಚಿಟ್ಟು, ಎದುರು ಕೂತ ಹಾಗಿದೆ.

ಬೀದರ್ ಸೀಮೆಯವರಿಗೆ ಅದರ ಭಾಷೆ ಮೊದಲು ತೊಡಕೆನಿಸುತ್ತದೆ. ಅದಕ್ಕೆ ನನ್ನಲ್ಲಿ ಒಂದೇ ಉಪಾಯ: ಗಟ್ಟಿಯಾಗಿ ಓದುವುದು. ಎಲ್. ಬಸವರಾಜು ಅವರು ಅದನ್ನು ಕಾವ್ಯದಂತೆ ಸಾಲು ಬಿಡಿಸಿ ಜೋಡಿಸಿದ ಆವೃತ್ತಿಯೂ ಇದೆ, ಅದು ಸಿಕ್ಕರೆ ಇನ್ನೂ ಸಲೀಸು. ದೀಪಗಳಿಂದ ಬಂದ ಜ್ಯೋತಮ್ಮಗಳು ರಾತ್ರಿ ಕೂಡಿ ಮಾತಾಡುವ ಭಾಗಕ್ಕೆ ಬರುವಷ್ಟರಲ್ಲಿ ತೊಡಕು ಮರೆತುಹೋಗಿರುತ್ತದೆ.

ಎರಡು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿನಿ ಅದನ್ನು ಓದಿ ವಾಪಸು ಕೊಡಲು ಬಂದಳು. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಹರಳಯ್ಯನ ಗವಿಗಿ ನಾವು ಮನಿ ಮಂದಿ ಎಲ್ಲಾ ಹೋಗ್ತೀವ್ರಿ ಮೇಡಂ, ಕೈ ಮುಗಿತೀವಿ. ನಮ್ಮಕ್ಕ ಬ್ಯಾರೆ ಜಾತ್ಯಾಗ ಮದಿವಿ ಮಾಡ್ಕೊಂಡಾಳಂತ ಮೂರು ವರ್ಷದಿಂದ ಮನ್ಯಾಗ ಆಕಿ ಹೆಸರೇ ತಗಿಯಂಗಿಲ್ಲ" ಅಂದಳು. ಪುಸ್ತಕವನ್ನು ಇನ್ನೊಂದು ವಾರ ಇಟ್ಟುಕೊಳ್ಳಲೇ ಎಂದು ಕೇಳಿ ತೆಗೆದುಕೊಂಡು ಹೋದಳು. ಅಕ್ಕನಿಗೆ ಫೋನ್ ಮಾಡಿದಳೋ ಇಲ್ಲವೋ ನಾನು ಕೇಳಲಿಲ್ಲ. ಕಾದಂಬರಿಯಿಂದ ಮನೆತನಗಳು ಕೂಡಿಬಿಡುತ್ತವೆ ಎಂದು ನಾನು ನಂಬಿಲ್ಲ. ಆದರೆ ಮೂರು ವರ್ಷ ಯಾರೂ ತೆಗೆಯದ ಮಾತನ್ನು ಆಕೆ ಅಂದು ಬಾಯಿಬಿಟ್ಟು ಹೇಳಿದಳು. ಓದಿನ ಫಲ ಅಂತ ನಾನು ಕರೆಯುವುದು ಅದನ್ನೇ.

ಉಳಿದ ಪುಸ್ತಕಗಳೂ ಹೀಗೆಯೇ ಒಂದೊಂದು ಪ್ರಶ್ನೆಯ ಬೆನ್ನು ಹತ್ತಿ ಸಿಕ್ಕವು. ಸತ್ತವನ ಜೊತೆ ನಮಗೇನು ಸಂಬಂಧ ಎಂಬ ಪ್ರಶ್ನೆಗೆ ಅನಂತಮೂರ್ತಿಯವರ 'ಸಂಸ್ಕಾರ' (1965). ಆಚಾರ ಬಿಟ್ಟ ನಾರಣಪ್ಪನ ಹೆಣ ಮನೆಯಲ್ಲಿ ಕೊಳೆಯುತ್ತಿದ್ದರೆ ಅಗ್ರಹಾರ ಶಾಸ್ತ್ರದಲ್ಲಿ ಉತ್ತರ ಹುಡುಕುತ್ತದೆ. ಒಂದು ಮಾತಿನ ತಲಾಖ್ ಹೆಣ್ಣಿನ ಬದುಕನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. ನಾದಿರಾಳ ಸಂಕಟ ಹುಮನಾಬಾದಿನ ನನ್ನ ನೆರೆಮನೆಯ ಗೆಳತಿಗೂ ಗೊತ್ತು, ನನಗೂ ಗೊತ್ತು. ಹೆಸರುಗಳು ಬೇರೆಯಾದರೂ ಅಪ್ಪಂದಿರ ಹಟ ಎಲ್ಲ ಕಡೆ ಒಂದೇ. ಇನ್ನು ನಮ್ಮ ಕಲಬುರಗಿಯ ಗೀತಾ ನಾಗಭೂಷಣ ಅವರ 'ಬದುಕು', 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಕೆಳಜಾತಿಯ ಹೆಣ್ಣುಮಕ್ಕಳ ಬಾಳನ್ನು ನಮ್ಮ ಕಡೆಯ ಮಾತಿನಲ್ಲೇ ಹೇಳುವುದರಿಂದ, ಇದು ಬೇರೆ ಯಾವುದೋ ಸೀಮೆಯ ಕಥೆ ಎಂದು ತಪ್ಪಿಸಿಕೊಳ್ಳಲು ನಮಗೆ ದಾರಿಯೇ ಇರುವುದಿಲ್ಲ.

ತಲೆ ಕೆಡಿಸುವುದೆಲ್ಲ ಒಳ್ಳೆಯ ಕಾದಂಬರಿಯೇ ಎಂದು ಯಾರಾದರೂ ಕೇಳಬಹುದು. ಖಂಡಿತ ಅಲ್ಲ. ರಕ್ತ, ಹೆಣ, ಹಿಂಸೆ ತುಂಬಿದ ಪುಸ್ತಕ ಎದೆ ನಡುಗಿಸಬಹುದು. ಮುಚ್ಚಿಟ್ಟ ಅರ್ಧ ಗಂಟೆಗೆ ಚಹಾ ಕುಡಿದರೆ ಮರೆತೂಹೋಗಬಹುದು. ನಾನು ಒಂದೇ ಪರೀಕ್ಷೆ ಮಾಡುತ್ತೇನೆ. ಓದುವಾಗ ನನ್ನ ಬೆರಳು ಯಾವಾಗಲೂ ಇನ್ನೊಬ್ಬರ ಕಡೆಗೇ ತೋರಿಸುತ್ತಿದ್ದರೆ ಅದು ನನಗೆ ಸುಖ ಕೊಡುತ್ತಿದೆ ಎಂದೇ ಅರ್ಥ. ಯಶವಂತ ಚಿತ್ತಾಲರ 'ಶಿಕಾರಿ' (1979) ಓದುವಾಗ ಹಾಗಾಗುವುದಿಲ್ಲ. ಮುಂಬಯಿಯ ಕಂಪನಿಯೊಂದರಲ್ಲಿ ಬೇಟೆಗೆ ಸಿಕ್ಕ ನಾಗಪ್ಪನ ಪಕ್ಕ ನಿಂತು ಓದಲು ಶುರುಮಾಡುತ್ತೇವೆ; ನಡುವೆ ಎಲ್ಲೋ, ನಾವೂ ಯಾರನ್ನೋ ಬೇಟೆಯಾಡಿದವರೇ ಅಲ್ಲವೇ ಎಂಬ ಅನುಮಾನ ಬರುತ್ತದೆ. ಬಸ್ಸು ಹಿಡಿದು ಪುಣೆ, ಮುಂಬಯಿಗೆ ನೌಕರಿಗೆ ಹೊರಡುವ ನಮ್ಮ ಹುಡುಗರಿಗೆ ಇದನ್ನು ತಪ್ಪದೆ ಕೊಡುತ್ತೇನೆ.

ಕಾದಂಬರಿಗೆ ಅಂಜುವವರು ಓದುಗರು ಮಾತ್ರವಲ್ಲ. ಕಲ್ಯಾಣದ ಶರಣರ ಕಾಲವನ್ನೇ ವಸ್ತುವಾಗಿಸಿಕೊಂಡ ಪಿ.ವಿ. ನಾರಾಯಣ ಅವರ 'ಧರ್ಮಕಾರಣ'ವನ್ನು ರಾಜ್ಯ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. 2007ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ಆ ತೀರ್ಪಿನ ಸರಿತಪ್ಪು ಬೇರೆ ಚರ್ಚೆ. ಕಟ್ಟುಕಥೆ ಎಂದು ನಾವು ಹಗುರವಾಗಿ ಕರೆಯುವುದಕ್ಕೆ ಎಷ್ಟು ತೂಕವಿದೆ ಎಂಬುದು ಇದರಿಂದ ತಿಳಿಯುತ್ತದೆ.

ಮುಂದಿನ ಪುಸ್ತಕ ಯಾವುದೆಂದು ಕೇಳುವವರಿಗೆ ನಾನು ಹೆಸರು ಹೇಳುವ ಮೊದಲು ಒಂದು ಕೆಲಸ ಹೇಳುತ್ತೇನೆ. ಈ ವಾರ ಮನೆಯಲ್ಲಿ ಊಟಕ್ಕೆ ಕೂತಾಗ, ಯಾವ ಮಾತು ಬಂದರೆ ಎಲ್ಲರೂ ತಟ್ಟೆ ನೋಡತೊಡಗುತ್ತಾರೆ ಎಂದು ಗಮನಿಸಿ. ಆ ಮಾತನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಅದಕ್ಕೆ ತಕ್ಕ ಕಾದಂಬರಿಯನ್ನು ಕೂಡಿಯೇ ಹುಡುಕೋಣ.