ಮುದ್ರೆಯೂ ಯೋಗ್ಯತೆಯೂ

ತನ್ನ ಗುಣಗಳನ್ನು ತಾನೇ ವರ್ಣಿಸಿಕೊಳ್ಳಬಾರದೆಂಬದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಪಾಠಗಳಲ್ಲೊಂದು. ಅಣ್ಣನನ್ನು ನಿಂದಿಸಿದ ಪಾಪಕ್ಕಾಗಿ ಪ್ರಾಣತ್ಯಾಗಕ್ಕೆ ಹೊರಟ ಅರ್ಜುನನಿಗೆ ಶ್ರೀಕೃಷ್ಣನು, ನಿನ್ನನ್ನು ನೀನೇ ಹೊಗಳಿಕೋ, ಅದೇ ಆತ್ಮಹತ್ಯೆಗೆ ಸಮಾನವೆಂದು ಹೇಳಿದ ಕರ್ಣಪರ್ವದ ಪ್ರಸಂಗವನ್ನು ವಾಚಕರು ಬಲ್ಲರು. ಇಂಥ ಸಂಸ್ಕಾರದಲ್ಲಿ ಬೆಳೆದ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ತರುಣರು ಈಗ ನೌಕರಿ ಬೇಕಾದರೆ 2003ರಲ್ಲಿ ಆರಂಭವಾದ ಲಿಂಕ್ಡ್‌ಇನ್ ಮೊದಲಾದ ಜಾಲತಾಣಗಳಲ್ಲಿ ತಮ್ಮ ಭಾವಚಿತ್ರವನ್ನಿಟ್ಟು, ಯೋಗ್ಯತೆಯನ್ನು ತಾವೇ ಸಾರಬೇಕಾಗಿದೆ. ಇದಕ್ಕೆ ‘ಪರ್ಸನಲ್ ಬ್ರ್ಯಾಂಡಿಂಗ್’ ಎಂದು ಹೆಸರು. ದನಗಳ ಮೈಮೇಲೆ ಕಾದ ಕಬ್ಬಿಣದಿಂದ ಒತ್ತುವ ಗುರುತಿಗೆ ಸಲ್ಲುತ್ತಿದ್ದ ಶಬ್ದವಿದು. ವಿನಯವಂತರಿಗೆ ಅದು ಸ್ವಲ್ಪ ಸುಡುವದು ಸಹಜವೇ.

ಆದರೆ ಗುರುತು ತೋರಿಸುವದೆಲ್ಲ ಆತ್ಮಶ್ಲಾಘನೆಯೇ? ದುಷ್ಯಂತನ ಸಭೆಯಲ್ಲಿ ನಿಂತ ಶಕುಂತಲೆಯ ಶೀಲಕ್ಕೆ ಯಾವ ಕೊರತೆಯೂ ಇರಲಿಲ್ಲ. ಇಲ್ಲದ್ದು ಬೆರಳೊಳಗಿನ ಉಂಗುರ ಮಾತ್ರ. ಕಾಳಿದಾಸನು ನಾಟಕದ ಹೆಸರಿನಲ್ಲಿಯೇ ‘ಅಭಿಜ್ಞಾನ’ವನ್ನು, ಎಂದರೆ ಗುರುತನ್ನು, ಸೇರಿಸಿದನು. ಉಂಗುರವು ಶಕುಂತಲೆಯ ಗುಣವನ್ನು ಹೆಚ್ಚಿಸಲಿಲ್ಲ. ಇದ್ದುದನ್ನು ಅರಸನ ನೆನಪಿಗೆ ತಂದುಕೊಟ್ಟಿತು, ಅಷ್ಟೇ.

ಗುರುತಿಲ್ಲದ ಗುಣದ ಗತಿಯನ್ನು ಕಾಣಲು ನಾವು ದೂರ ಹೋಗಬೇಕಾಗಿಲ್ಲ. ಅಥಣಿ, ನಿಪ್ಪಾಣಿಗಳ ಕೈಗಳು ಹೊಲಿದ ಚಪ್ಪಲಿಗಳು ಬಹುಕಾಲದಿಂದ ಕೊಲ್ಹಾಪುರದ ಹೆಸರಿನಿಂದಲೇ ಲೋಕವನ್ನು ಸುತ್ತಿವೆ. 2019ರಲ್ಲಿ ಆ ಚಪ್ಪಲಿಗಳಿಗೆ ಭೌಗೋಲಿಕ ಗುರುತು ದೊರೆತಾಗ ಮಹಾರಾಷ್ಟ್ರದ 4 ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿ ಸೇರಿದವು. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಎಂಬ ಸಂಸ್ಥೆಯು ಮಿಲಾನ್ ನಗರದ ಪ್ರದರ್ಶನದಲ್ಲಿ ಇಂಥವೇ ಪಾದರಕ್ಷೆಗಳನ್ನು ಮೂಲದ ಹೆಸರೆತ್ತದೆ ತೋರಿಸಿತು. ಜಾಲತಾಣಗಳಲ್ಲಿ ಜನರು ಆಕ್ಷೇಪವೆತ್ತಿದ ಮೇಲೆಯೇ ಮೂಲವು ಭಾರತದ್ದೆಂದು ಒಪ್ಪಿಕೊಂಡಿತು. ಮಾಡಿದವನು ಮೌನವಾಗಿದ್ದರೆ ಹೆಸರು ಮತ್ತೊಬ್ಬನ ಪಾಲಾಗುವದು.

ಇಂಥ ಚಪ್ಪಲಿ ಹೊಲಿಯುವ ಮನೆತನದ, ನಮ್ಮಲ್ಲಿ ಸಂಸ್ಕೃತ ಕಲಿತ ವಿದ್ಯಾರ್ಥಿನಿಯೊಬ್ಬಳು ಈಚೆಗೆ ಮೊಬೈಲು ಹಿಡಿದು ಬಂದಳು. ಬಿ.ಕಾಂ. ಮುಗಿದು ಎರಡು ವರ್ಷವಾದರೂ ನೌಕರಿಯಿಲ್ಲ. ದೀಪಾವಳಿಯವರೆಗೆ ನೋಡಿ ಆಮೇಲೆ ಲಗ್ನ ಮಾಡುವದೆಂದು ತಂದೆಯ ನಿಶ್ಚಯ. ಅವಳ ಪುಟದಲ್ಲಿ ‘ಪರಿಶ್ರಮಿ’, ‘ಉತ್ಸಾಹಿ’ ಎಂಬ ಎರವಲು ವಿಶೇಷಣಗಳ ಹೊರತು ಬೇರೇನೂ ಇರಲಿಲ್ಲ.

“ನೀನು ಮಾಡಿದ ಕೆಲಸ ಯಾವದು?” ಎಂದು ಕೇಳಿದೆವು.

“ಅಪ್ಪನ ಕೀರ್ದಿ ಬರೀತೇನ್ರಿ ಸರ. ಕೊಲ್ಹಾಪುರದ ಗಿರಾಕಿಗಳ ಜೋಡಿ ಮರಾಠಿಯೊಳಗ ಮಾತಾಡತೇನ್ರಿ. ಅದಕ್ಕ ಅನುಭವ ಅಂತಾರೇನ್ರಿ?”

ಚರ್ಮದ ಕೆಲಸವೆಂಬ ಸಂಕೋಚದಿಂದ ಅದನ್ನೇ ಮರೆಮಾಚಿದ್ದಳು. ವಿಶೇಷಣಗಳನ್ನು ಅಳಿಸಿ ಕ್ರಿಯಾಪದಗಳನ್ನು ಬರೆಯೆಂದು ಹೇಳಿದೆವು. ತಂದೆಯ ಉದ್ಯೋಗದ ಲೆಕ್ಕವನ್ನು ಮೂರು ವರ್ಷ ಬರೆದದ್ದು, ಕನ್ನಡ ಮರಾಠಿಗಳೆರಡರಲ್ಲಿಯೂ ವ್ಯವಹರಿಸಿದ್ದು, ಬೇಡಿಕೆಗಳನ್ನು ವಾಯಿದೆಗೆ ಸರಿಯಾಗಿ ಮುಟ್ಟಿಸಿದ್ದು, ಇಷ್ಟನ್ನೇ ಬರೆದಳು. ಎರಡು ಭಾಷೆಗಳ ಗಡಿಯಲ್ಲಿ ಬಾಳುವದೇ ಒಂದು ವಿದ್ಯೆಯೆಂಬದು ನಮ್ಮ ಮಕ್ಕಳಿಗೇ ತಿಳಿದಿಲ್ಲ. ಒಂದು ವ್ಯಾಪಾರ ಸಂಸ್ಥೆಯವರು ಅವಳನ್ನು ಸಂದರ್ಶನಕ್ಕೆ ಕರೆದು, ಮೊದಲು ಆ ಕೀರ್ದಿಯ ವಿಷಯವನ್ನೇ ಕೇಳಿದರಂತೆ. ನೌಕರಿ ಇನ್ನೂ ನಿಶ್ಚಿತವಾಗಿಲ್ಲ. ಆದರೆ ತಂದೆಯವರು ದೀಪಾವಳಿಯ ಗಡುವನ್ನು ಯುಗಾದಿಗೆ ಮುಂದೂಡಿದ್ದಾರೆ.

ಉಂಗುರದ ಇನ್ನೊಂದು ಕಥೆಯೂ ಉಂಟು. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿ ಚಾಣಕ್ಯನು ರಾಕ್ಷಸನ ಮುದ್ರೆಯುಂಗುರವನ್ನು ದೊರಕಿಸಿಕೊಂಡು, ಕಪಟಪತ್ರಕ್ಕೆ ಅದನ್ನೊತ್ತಿ ಮಿತ್ರರನ್ನೇ ಒಡೆದನು. ಜಾಲತಾಣಗಳಲ್ಲಿಯೂ ಹೆಸರಾಂತ ಸಂಸ್ಥೆಗಳ ಮುದ್ರೆಯನ್ನು ಕದ್ದು ನೌಕರಿಯ ಆಮಿಷ ತೋರಿಸುವವರಿದ್ದಾರೆ. ನೌಕರಿ ಕೊಡುವ ಮೊದಲೇ ನೋಂದಣಿಗೆಂದೋ ತರಬೇತಿಗೆಂದೋ ಹಣ ಬೇಡುವವರನ್ನು ನಂಬಲಾಗದು. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡತಕ್ಕದ್ದು. ಅಂತೆಯೇ ತಾನು ಮಾಡದ ಕೆಲಸವನ್ನು ಮಾಡಿದೆನೆಂದು ಬರೆಯುವ ಉದ್ಯೋಗಾರ್ಥಿಯೂ ಸುಳ್ಳು ಮುದ್ರೆಯನ್ನೇ ಒತ್ತುತ್ತಾನೆ. ಸಂದರ್ಶನದ ಎರಡನೆಯ ಪ್ರಶ್ನೆಗೆ ಅದು ಅಳಿಸಿಹೋಗುವದು. ಜಗಳಾಡಿ ಬರೆದ ಹಳೆಯ ಮಾತುಗಳೂ ಅಲ್ಲಿಯೇ ಉಳಿದು ಸಾಕ್ಷಿ ನುಡಿಯುತ್ತವೆಂಬದನ್ನು ಮರೆಯಬಾರದು.

ಅಸ್ತು. ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟು. ಮಗನೋ ಮಗಳೋ ನೌಕರಿಗಾಗಿ ಮೊಬೈಲಿನ ಮುಂದೆ ಕುಳಿತಾಗ ಗದರಿಸದೆ ಅರ್ಧ ತಾಸು ಬಳಿಯಲ್ಲಿ ಕೂಡಿರಿ. ಅವರು ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ಮಾಡಿದ ಕೆಲಸಗಳನ್ನು ನೆನಪಿಸಿ ಕೊಡಿರಿ. ತಮ್ಮ ಗುಣವನ್ನು ತಾವೇ ಹೇಳಿಕೊಳ್ಳಲು ನಾಚುವ ಮಕ್ಕಳಿಗೆ ಹೆತ್ತವರ ನೆನಪಿಗಿಂತ ಒಳ್ಳೆಯ ಅಭಿಜ್ಞಾನವು ಬೇರೆ ಯಾವದು?