ಮುಸ್ತಫಾನ ಪೆಟ್ಟಿಗೆ

ಗುಜರಿ ಅಂಗಡಿಯಿಂದ ತಂದ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯನ್ನು ನಾವು ಅಣ್ಣತಮ್ಮಂದಿರು ಅಂಗಳದಲ್ಲಿ ಇಳಿಸಿದಾಗ ಅಮ್ಮಿ ನಕ್ಕರು. "ಇದರ ದೆಸೆಯಿಂದ ನಿಮ್ಮ ಅಬ್ಬಾರ ಕೈಯಲ್ಲಿ ಎಷ್ಟು ಏಟು ತಿಂದಿದ್ದೀರಿ, ನೆನಪಿದೆಯಾ?"

ಪ್ಲೈವುಡ್ಡಿನ ಬುಡವನ್ನು ಗೆದ್ದಲು ತಿಂದಿತ್ತು. ಒಳಗಿನ ಬೋರ್ಡು ಸತ್ತಿತ್ತು. ಪಿಕ್ಚರ್ ಟ್ಯೂಬಿಗೆ ಮಾತ್ರ ನಾವು ಕೈ ಹಾಕಲಿಲ್ಲ. ಸ್ವಿಚ್ ಆರಿಸಿದ ಮೇಲೂ ಅದರೊಳಗೆ ಸಾವಿರಾರು ವೋಲ್ಟಿನ ವಿದ್ಯುತ್ ಉಳಿದಿರಬಹುದು. ಟಿವಿ ರಿಪೇರಿಯವರನ್ನು ಕರೆಸಿ ತೆಗೆಸಿದೆವು. ಆ ಜಾಗಕ್ಕೆ ಎಲ್‌ಸಿಡಿ ಪರದೆ ಬಂತು; ಬೋರ್ಡಿನ ಬದಲು ಅಂಗೈಯಗಲದ ರಾಸ್ಪ್‌ಬೆರಿ ಪೈ. ಬಣ್ಣ ಹೋದ ಜಾಯ್‌ಸ್ಟಿಕ್ಕುಗಳನ್ನು ಹಾಗೆಯೇ ಉಳಿಸಿಕೊಂಡೆವು.

ಮೊದಲು ಹಾಕಿದ್ದು 'ಮುಸ್ತಫಾ' ಆಟ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ ಅದರ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್'. ನಮ್ಮೂರಿನ ಹುಡುಗರಿಗೆ ಆ ಹೆಸರು ಗೊತ್ತೇ ಇರಲಿಲ್ಲ. ಹಳದಿ ಟೋಪಿಯ ಮುಸ್ತಫಾ ಓಡಿ ಬಂದು ಒದೆಯುತ್ತಿದ್ದ; ಆಟಕ್ಕೇ ಅವನ ಹೆಸರಾಯಿತು. 1992ರ ಡಿಸೆಂಬರ್ ಕಳೆದ ಮೇಲೆ ನಮ್ಮ ಓಣಿಯ ಕ್ರಿಕೆಟ್ ತಂಡ ಎರಡಾಗಿತ್ತು. ಆದರೆ ರೂಪಾಯಿ ನಾಣ್ಯ ಹಿಡಿದು ಗೇಮ್ ಅಂಗಡಿಗೆ ಬಂದ ಎರಡೂ ತಂಡದವರು ಜಗಳವಾಡುತ್ತಿದ್ದುದು ಒಂದಕ್ಕೇ: "ಮುಸ್ತಫಾ ನನಗೆ!"

ಕೆಲಸ ಮುಗಿದ ಸಂಜೆ ಆಚೆ ತಂಡದ ಗೆಳೆಯನೊಬ್ಬನಿಗೆ ಫೋನ್ ಮಾಡಿದೆವು. ಬಡಾವಣೆಗಳು ಬೇರೆಯಾದ ಮೇಲೆ ಅವನು ನಮ್ಮ ಮನೆಗೆ ಬಂದದ್ದೇ ಕಡಿಮೆ. ಬಂದವನು ಅಮ್ಮಿ ಕೊಟ್ಟ ಚಹಾ ಆರಿದರೂ ಲೆಕ್ಕಿಸದೆ ಜಾಯ್‌ಸ್ಟಿಕ್ ಹಿಡಿದ.

"ನೀವು ಯಾರು ಬೇಕಾದ್ರೂ ಆಗ್ರೋ, ಮುಸ್ತಫಾ ನಾನೇ" ಎಂದ.

ನಾವು ಬಿಟ್ಟುಕೊಟ್ಟೆವು.