ಸೈಟ್‌ನಲ್ಲಿದೀನಮ್ಮ

ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂತಾರಲ್ಲ, ಟೊರಾಂಟೋದಲ್ಲಿ ನಮ್ಮ ಮನೆ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದ ದಾವಣಗೆರೆಯ ಗೆಳೆಯನ ಕತೆ ಥೇಟ್ ಹಾಗೇ. ಎಂಟು ವರ್ಷ ಸೇತುವೆ ಕಟ್ಟಿಸಿದ ಸಿವಿಲ್ ಇಂಜಿನಿಯರ್. ಇಲ್ಲಿ ಎಲ್ಲಿ ಹೋದರೂ ಒಂದೇ ಪ್ರಶ್ನೆ: ‘ಕೆನಡಿಯನ್ ಎಕ್ಸ್‌ಪೀರಿಯನ್ಸ್ ಇದೆಯಾ?’ ಕೆಲಸವೇ ಕೊಡದಿದ್ದರೆ ಅನುಭವ ಎಲ್ಲಿಂದ ಬರಬೇಕು? ರಾತ್ರಿಯೆಲ್ಲಾ ಗೋದಾಮಿನಲ್ಲಿ ಡಬ್ಬ ಎತ್ತುತ್ತಿದ್ದ. ಊರಿಂದ ಫೋನ್ ಬಂದರೆ ಮಾತ್ರ, ‘ಸೈಟ್‌ನಲ್ಲಿದೀನಮ್ಮ’.

ಒಂಟಾರಿಯೋದಲ್ಲಿ ಇಂಜಿನಿಯರಿಂಗ್ ಲೈಸೆನ್ಸಿಗೂ ಆಗ ಒಂದು ವರ್ಷದ ಕೆನಡಾ ಅನುಭವ ಕಡ್ಡಾಯವಿತ್ತು. 2023ರ ಮೇ ತಿಂಗಳಲ್ಲಿ ಆ ನಿಯಮ ತೆಗೆದರು. ಕೆಲಸ ಕೊಡುವವರ ತಲೆಯಿಂದ ತೆಗೆಯೋದು ಅಷ್ಟು ಸುಲಭವಲ್ಲ.

ಸಾಫ್ಟ್‌ವೇರಿನವರನ್ನು ಯಾರೂ ಲೈಸೆನ್ಸ್ ಕೇಳಲ್ಲ, ನಾನು ಬಚಾವ್. ನನ್ನ ಕೈಲಾದದ್ದು ಭಾನುವಾರ ಉಪ್ಪಿಟ್ಟು ತಿನ್ನುತ್ತಾ ಅವನ ರೆಸ್ಯೂಮೆ ತಿದ್ದೋದು. ‘ಸೇತುವೆ ಕಾಮಗಾರಿ’ ಅಂತಷ್ಟೇ ಇದ್ದದ್ದನ್ನು ಉದ್ದ ಎಷ್ಟು, ಖರ್ಚು ಎಷ್ಟು, ಕೈಕೆಳಗೆ ಎಷ್ಟು ಜನ ಅಂತ ಬಿಡಿಸಿ ಬರೆದೆವು. ಇಲ್ಲಿನ ಸೇತುವೆ ಕೋಡ್ ಅವನೇ ಕೂತು ಓದಿದ. ಸಹೋದ್ಯೋಗಿಯ ಗಂಡ ಇದೇ ಫೀಲ್ಡಿನವರು. ಅವರ ಜೊತೆ ಅರ್ಧ ಗಂಟೆ ಮಾತಾಡಿಸಿದೆ. ಬಾಗಿಲು ತೆರೆದದ್ದು ಆ ಅರ್ಧ ಗಂಟೆ.

ಕೆಲಸಕ್ಕೆ ಸೇರಿದ ದಿನ ಹೆಲ್ಮೆಟ್ ಹಾಕಿಕೊಂಡೇ ಅಮ್ಮನಿಗೆ ಫೋನ್ ಮಾಡಿ, ‘ಸೈಟ್‌ನಲ್ಲಿದೀನಮ್ಮ’ ಅಂದನಂತೆ.

‘ದಿನಾ ಅದನ್ನೇ ಹೇಳ್ತೀಯಲ್ಲೋ, ಊಟ ಆಯ್ತಾ?’ ಅಂದರಂತೆ ಅವರು.